ಸೆಲ್ಲಾ ಬೆಟ್ಟಕ್ಕೆ ಸೈಕಲ್ ಪ್ರದಕ್ಷಿಣೆ

ಇಟಲಿಯ ಈಶಾನ್ಯದಲ್ಲಿ, ಆಸ್ಟ್ರಿಯದ ಗಡಿಗೆ ಹತ್ತಿರದಲ್ಲಿ, ಡಾಲಮೈಟ್ಸ್ ಎಂಬ ಬಿಳಿಗಲ್ಲಿನ ಪರ್ವತಸಾಲಿದೆ. ಆ ಸಾಲಿನ ನಡುವೆ ನಿಂತಿರುವುದು ಸೆಲ್ಲಾ ಎಂಬ ಬೃಹತ್ ಬೆಟ್ಟ. ಅದರ ನೆತ್ತಿಯ ಪಿಜ್ ಬೊಯೆ ಶಿಖರ 3,152 ಮೀಟರ್ ಎತ್ತರದ್ದು. ಅಲ್ಲಿಗೆ ಡಾಂಬರು ರಸ್ತೆಯಿಲ್ಲ. ರಸ್ತೆ ಇರುವುದು ಬೆಟ್ಟದ ಸುತ್ತ. ಕಂಪೊಲೊಂಗೊ, ಪೊರ್ದೊಯ್, ಸೆಲ್ಲಾ, ಗರ್ದೇನಾ ಎಂಬ ನಾಲ್ಕು ಘಾಟಿಗಳನ್ನು ಹತ್ತಿಳಿದರೆ ಹೊರಟ ಊರಿಗೇ ಬಂದು ಸೇರುತ್ತೇವೆ. ಒಟ್ಟು ದೂರ ಸುಮಾರು 55 ಕಿ.ಮೀ.; ಏರುಗಳನ್ನೆಲ್ಲ ಕೂಡಿದರೆ ಸುಮಾರು 1,700 ಮೀಟರ್. ಈ ಸುತ್ತಿಗೆ ಸೆಲ್ಲಾರೊಂಡಾ ಎಂದು ಹೆಸರು. ಕೊರ್ವಾರಾ ಊರಿನಿಂದ ಹೊರಟು ಮೊದಲು ಕಂಪೊಲೊಂಗೊ ಕಡೆಗೆ ತಿರುಗಿದರೆ ಬೆಟ್ಟ ಉದ್ದಕ್ಕೂ ಬಲಗಡೆಗೇ ಇರುತ್ತದೆ. ಗರ್ಭಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತಿ ಅಭ್ಯಾಸವಿರುವ ನಮಗೆ ಈ ದಾರಿಯ ಭಾವ ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ. ಇಲ್ಲಿ ಶಿಖರ ಮುಟ್ಟುವ ಮಾತಿಲ್ಲ. ಒಂದೇ ಬೆಟ್ಟವನ್ನು ನಾಲ್ಕು ದಿಕ್ಕಿನಿಂದ ನೋಡುತ್ತ ಸಾಗುವುದಷ್ಟೇ.

ಜೂನ್ ತಿಂಗಳ ಒಂದು ದಿನ, ಸೆಪ್ಟೆಂಬರಿನ ಒಂದು ದಿನ ಈ ರಸ್ತೆಯನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಮೋಟಾರು ವಾಹನಗಳಿಗೆ ಮುಚ್ಚಿ ಸೈಕಲ್‌ಗಳಿಗೆ ಬಿಟ್ಟುಕೊಡುತ್ತಾರೆ. ನಾನು ಹೋದದ್ದು ಜೂನಿನ ಅಂಥ ದಿನ. ಕೊರ್ವಾರಾ 1,568 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲೂ ಬೆಳಗಿನ ಗಾಳಿಗೆ ಬೆರಳು ಮರಗಟ್ಟುತ್ತವೆ. ಊರು ದಾಟುತ್ತಿದ್ದಂತೆ ಏರು ಶುರು. ಕಂಪೊಲೊಂಗೊ ಘಾಟಿ ಆರು ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಮೊದಲ ತಿರುವುಗಳಲ್ಲೇ ಹಗುರವಾದ ಗೇರಿಗೆ ಹಾಕಿಕೊಂಡು, ಉಸಿರು ಕಾಲಿಗೆ ಹೊಂದಿಕೊಳ್ಳುವವರೆಗೆ ಕಾಯಬೇಕು. ಹಿಂದೆ ಸಸ್ಸೊಂಗರ್ ಶಿಖರ ಊರಿನ ಮೇಲೆ ನೆಟ್ಟಗೆ ನಿಂತಿರುತ್ತದೆ. 1,875 ಮೀಟರಿನಲ್ಲಿ ಏರು ಮುಗಿದು, ರಸ್ತೆ ಹುಲ್ಲುಗಾವಲಿನ ನಡುವೆ ಅರಬ್ಬಾ ಎಂಬ ಊರಿಗೆ ಇಳಿಯುತ್ತದೆ.

ಅರಬ್ಬಾದಿಂದ ಪೊರ್ದೊಯ್ ಏರು. ದೂರ ಒಂಬತ್ತು ಕಿ.ಮೀ.ಗೂ ಹೆಚ್ಚು, ಹೇರ್‌ಪಿನ್ ತಿರುವುಗಳು 33. ಪ್ರತಿ ತಿರುವಿಗೂ ಸಂಖ್ಯೆ ಬರೆದ ಫಲಕವಿದೆ. ಇಷ್ಟು ತಿರುವುಗಳೆಂದರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಏರತೊಡಗಿದ ಮೇಲೆ ತಿಳಿಯುವುದೇ ಬೇರೆ: ಈ ರಸ್ತೆ ಕಾಲಿಗೆ ಕರುಣೆ ತೋರುತ್ತದೆ. ನೂರು ಮೀಟರಿಗೆ ಏಳು ಮೀಟರ್ ಆಸುಪಾಸಿನ ಏರು, ಬಹುಪಾಲು ಒಂದೇ ಸಮ. ಬೊಲ್ಜಾನೊದಿಂದ ಕೊರ್ತೀನಾದವರೆಗಿನ ಮಹಾ ಡಾಲಮೈಟ್ ರಸ್ತೆಯ ಭಾಗ ಇದು. ಈ ಸೀಮೆ ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯದಲ್ಲಿದ್ದಾಗ, 1909ರಲ್ಲಿ, ಆ ರಸ್ತೆ ಪೂರ್ಣಗೊಂಡಿತು. ಆಗಿನ್ನೂ ಕುದುರೆಗಾಡಿಗಳ ಕಾಲ. ಮೋಟಾರು ಕಾರು ಆಗಷ್ಟೇ ಬರುತ್ತಿತ್ತು. ದುರ್ಬಲ ವಾಹನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಟ್ಟದ ಮೈಯನ್ನು ಅಡ್ಡಡ್ಡ ಸೀಳಿ ಮಾಡಿದ ಆ ಸಮನಾದ ಏರು ಇವತ್ತು ಸೈಕಲ್ ತುಳಿಯುವವರ ಪಾಲಿಗೆ ವರವಾಗಿದೆ. ಅವಸರಪಡದೆ ಒಂದೇ ಲಯದಲ್ಲಿ ತುಳಿದರೆ ಸಾಧಾರಣ ಕಾಲುಗಳೂ ಇಲ್ಲಿ ಮೇಲೆ ಸೇರುತ್ತವೆ.

ನಿಧಾನವಾಗಿ ಏರುವವರಿಗೆ ಬೆಟ್ಟ ತನ್ನ ಚರಿತ್ರೆಯನ್ನೂ ಬಿಚ್ಚಿ ತೋರಿಸುತ್ತದೆ. ಸುಮಾರು 24 ಕೋಟಿ ವರ್ಷಗಳ ಹಿಂದೆ, ಟ್ರಯಾಸಿಕ್ ಯುಗದಲ್ಲಿ, ಇಲ್ಲಿ ಬೆಚ್ಚಗಿನ ಆಳವಿಲ್ಲದ ಸಮುದ್ರವಿತ್ತು. ಅದರಲ್ಲಿ ಬೆಳೆದ ದಿಬ್ಬಗಳೇ ಈಗಿನ ಬಿಳಿಗೋಡೆಗಳು. ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಸೇರಿದ ಈ ಕಲ್ಲನ್ನು 1791ರಲ್ಲಿ ವಿವರಿಸಿದ ಫ್ರೆಂಚ್ ಭೂವಿಜ್ಞಾನಿ ದೇವೊದಾ ದ ದೊಲೊಮಿಯು ಅವರ ಹೆಸರೇ ಕಲ್ಲಿಗೂ ಪರ್ವತಗಳಿಗೂ ಬಂತು. ಅದೇ ಜಾತಿಯ ಕಲ್ಲು ನಮ್ಮ ಬಾಗಲಕೋಟೆ ಸೀಮೆಯ ನೆಲದಲ್ಲೂ ಇದೆ. ಸೆಲ್ಲಾದ ಗೋಡೆಯನ್ನು ಗಮನಿಸಿ ನೋಡಿದರೆ ಕೆಳಗೊಂದು, ಮೇಲೊಂದು ಕಡಿದಾದ ಬಂಡೆಯಿದೆ. ನಡುವೆ ಬೆಟ್ಟವನ್ನು ಬಳಸಿದ ಅಗಲವಾದ ಅಂಚು. ಮೆದುವಾದ ಕಲ್ಲಿನ ಪದರ ಸವೆದು ಆ ಅಂಚಾಗಿದೆ. ಘಾಟಿಗಳ ಗುಟ್ಟೂ ಇದೇ. ಗಟ್ಟಿ ಡಾಲಮೈಟ್ ಗೋಡೆಯಾಗಿ ನಿಂತಿತು; ಜ್ವಾಲಾಮುಖಿಯ ಕಪ್ಪು ಕಲ್ಲು, ಜೇಡಿ ಬೆರೆತ ಕಲ್ಲು ಕರಗಿ ಹುಲ್ಲುಗಾವಲಾಯಿತು. ದನ ಆ ಹುಲ್ಲನ್ನು ಮೇಯ್ದವು, ರಸ್ತೆ ಆ ಹುಲ್ಲಿನ ಮೇಲೇ ಹಾದುಹೋಯಿತು. ಹಸಿರು ಇಳಿಜಾರಿನಿಂದ ನೇರ ಬಿಳಿಗೋಡೆ ಏಳುವ ಈ ನೋಟಕ್ಕಾಗಿಯೇ ಜನ ದೇಶ ದಾಟಿ ಬರುತ್ತಾರೆ. 2009ರಲ್ಲಿ ಯುನೆಸ್ಕೊ ಡಾಲಮೈಟ್ಸ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ತಿರುವುಗಳಲ್ಲಿ ನಿಂತು ಹಿಂದೆ ನೋಡಿದರೆ ಪೂರ್ವಕ್ಕೆ ಕೊಲ್ ದಿ ಲಾನಾ ಎಂಬ ಬೆಟ್ಟ. ಅದರ ನೆತ್ತಿಯ ಆಕಾರ ಸಹಜವಾದದ್ದಲ್ಲ. 1915ರ ಮೇ ತಿಂಗಳಲ್ಲಿ ಇಟಲಿ ಮೊದಲ ಮಹಾಯುದ್ಧಕ್ಕೆ ಇಳಿದಾಗ ಈ ಬೆಟ್ಟಗಳೇ ರಣರಂಗವಾದವು. ಮೇಲೆ ಆಸ್ಟ್ರಿಯದ ಸೈನಿಕರು; ಕೆಳಗಿನಿಂದ ಸುರಂಗ ಕೊರೆದ ಇಟಲಿಯವರು 1916ರ ಏಪ್ರಿಲ್‌ನಲ್ಲಿ ಸಿಡಿಮದ್ದು ತುಂಬಿ ಶಿಖರವನ್ನೇ ಸ್ಫೋಟಿಸಿದರು. ಪೊರ್ದೊಯ್ ಘಾಟಿಯ ಹತ್ತಿರ ಸಾವಿರಾರು ಸೈನಿಕರ ಅಸ್ಥಿಗಳನ್ನಿಟ್ಟ ದುಂಡನೆಯ ಕಲ್ಲಿನ ಸ್ಮಾರಕವಿದೆ. ಅಲ್ಲಿಗೆ ಹೋಗಿ ಬರಲು ಸ್ವಲ್ಪ ಸುತ್ತಾಗುತ್ತದೆ, ಆದರೂ ಹೋಗಿಬರಬೇಕು. ಪ್ರವಾಸಿಗಳಿಗೆಂದು ತೆರೆದ ರಸ್ತೆ ಆರೇ ವರ್ಷಗಳಲ್ಲಿ ಯುದ್ಧದ ನಡುವೆ ಸಿಕ್ಕಿಕೊಂಡಿತು ಎಂಬುದನ್ನು ತಿಳಿದ ಮೇಲೆ ಈ ದಾರಿಯಲ್ಲಿ ನೆಮ್ಮದಿಯಿಂದ ಪೆಡಲ್ ತುಳಿಯುವುದೇ ಒಂದು ಭಾಗ್ಯವೆನ್ನಿಸುತ್ತದೆ.

ಘಾಟಿಯ ನೆತ್ತಿ 2,239 ಮೀಟರ್. ಅಲ್ಲಿ ಫಾಉಸ್ತೊ ಕೊಪ್ಪಿ ಅವರ ಸ್ಮಾರಕವಿದೆ. ಇಟಲಿಯ ಮಹಾ ಸೈಕಲ್ ಸ್ಪರ್ಧೆ ಜಿರೊವನ್ನು ಐದು ಸಲ, ಫ್ರಾನ್ಸಿನ ಟೂರ್ ಅನ್ನು ಎರಡು ಸಲ ಗೆದ್ದವರು. ಎರಡನೇ ಮಹಾಯುದ್ಧದಲ್ಲಿ ಸೋತು ಕಂಗೆಟ್ಟಿದ್ದ ದೇಶಕ್ಕೆ ತಲೆಯೆತ್ತಿ ನೋಡಲು ಒಬ್ಬ ನಾಯಕ ಬೇಕಾಗಿದ್ದಾಗ ಈ ಏರುಗಳಲ್ಲಿ ಒಂಟಿಯಾಗಿ ಮುಂದೆ ಸಾಗಿದವರು. 1960ರ ಜನವರಿಯಲ್ಲಿ, ನಲವತ್ತನೇ ವಯಸ್ಸಿಗೇ, ಮಲೇರಿಯಾದಿಂದ ತೀರಿಕೊಂಡರು. 1965ರಿಂದ ಜಿರೊ ದಾಟುವ ಅತಿ ಎತ್ತರದ ಜಾಗವನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಹತ್ತಿ ಬಂದವರು ಸ್ಮಾರಕದ ಪಕ್ಕ ಸೈಕಲ್ ಒರಗಿಸಿ ಕಲ್ಲನ್ನು ಮುಟ್ಟಿ ಮುಂದೆ ಹೋಗುವುದನ್ನು ಕಂಡೆ.

ಇಳಿಯುವ ಮುನ್ನ ಗಾಳಿ ತಡೆಯುವ ಜಾಕೆಟ್ ಹಾಕಿಕೊಳ್ಳಲೇಬೇಕು. ಬೆವರಿದ ಮೈಗೆ ಆ ಚಳಿ ಹೊಡೆದರೆ ತಡೆಯುವುದು ಕಷ್ಟ. ರಸ್ತೆ ಕನಜೇಯಿ ಕಡೆಗೆ ಕಾಡಿನೊಳಗೆ ಇಳಿಯುತ್ತದೆ. ಊರು ಸೇರುವ ಮೊದಲೇ ಬಲಕ್ಕೆ ತಿರುಗಿದರೆ ಸೆಲ್ಲಾ ಘಾಟಿ. ದೂರ ಐದೂವರೆ ಕಿ.ಮೀ. ಮಾತ್ರ, ಆದರೆ ನಾಲ್ಕರಲ್ಲಿ ಇದೇ ಕಡಿದು. ಬಂಡೆಯ ಬುಡಕ್ಕೇ ಅಂಟಿಕೊಂಡು ರಸ್ತೆ ಏರುತ್ತದೆ; ಬಲಕ್ಕೆ ತಲೆಯೆತ್ತಿದರೆ ಹಗ್ಗ ಹಿಡಿದು ಗೋಡೆ ಹತ್ತುವವರು ಚುಕ್ಕೆಗಳಾಗಿ ಕಾಣುತ್ತಾರೆ. ಮೇಲೆ ಬಂದಾಗ ಎದುರಿಗೆ 3,181 ಮೀಟರ್ ಎತ್ತರದ ಸಸ್ಸೊಲುಂಗೊ ಒಮ್ಮೆಗೇ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಇಡೀ ದಾರಿಯಲ್ಲಿ ನನ್ನ ಕಣ್ಣು ತುಂಬಿದ್ದು ಇಲ್ಲಿ.

ಈ ಕಣಿವೆಗಳ ಜನ ಲದೀನ್ ಭಾಷೆಯವರು. ಲ್ಯಾಟಿನ್‌ನಿಂದ ಹುಟ್ಟಿ, ಬೆಟ್ಟಗಳ ಮರೆಯಲ್ಲಿ ಉಳಿದುಬಂದ ಭಾಷೆ. ಆಡುವವರು ಸುಮಾರು ಮೂವತ್ತು ಸಾವಿರ. ಮೊದಲ ಮಹಾಯುದ್ಧದ ನಂತರ ಈ ಪ್ರದೇಶ ಇಟಲಿಗೆ ಸೇರಿತು. ಮುಸೊಲಿನಿಯ ಕಾಲದಲ್ಲಿ ಈ ಸಣ್ಣ ಸಮುದಾಯವನ್ನು ಮೂರು ಪ್ರಾಂತ್ಯಗಳಿಗೆ ಹಂಚಿಹಾಕಿದರು. ಒಂದು ಸುತ್ತಿನಲ್ಲಿ ಸೈಕಲ್ ಆ ಮೂರೂ ಪ್ರಾಂತ್ಯಗಳ ಗಡಿ ದಾಟುತ್ತದೆ. ಕೊರ್ವಾರಾದ ಶಾಲೆಯಲ್ಲಿ ಮಕ್ಕಳು ಇಟಾಲಿಯನ್, ಜರ್ಮನ್ ಜೊತೆಗೆ ಲದೀನನ್ನೂ ಕಲಿಯುತ್ತಾರೆ. ಅರಬ್ಬಾದ ಕಡೆ ಅಷ್ಟು ಆಸರೆಯಿಲ್ಲ. ಬೆಟ್ಟ ಒಂದೇ, ಮಾತು ಒಂದೇ, ಗಡಿಗೆರೆಯಿಂದ ಅದರ ಹಣೆಬರಹ ಮಾತ್ರ ಬೇರೆ ಬೇರೆ. ದಾರಿಬದಿಯ ಹೋಟೆಲಿನಲ್ಲಿ ತುತ್ರೆಸ್ ಕೇಳಿ ತಿನ್ನಬೇಕು: ಪಾಲಕ್ ತುಂಬಿ ಎಣ್ಣೆಯಲ್ಲಿ ಕರಿದದ್ದು. ಜೊತೆಗೆ ಬಿಸಿ ಬಾರ್ಲಿ ಸೂಪು. ಹಸಿದ ಸವಾರನಿಗೆ ಇನ್ನೇನೂ ಬೇಡ.

ಕೊನೆಯ ಗರ್ದೇನಾ ಘಾಟಿ 2,121 ಮೀಟರಿನದು. ಏರು ಸೌಮ್ಯ, ನಡುವೆ ಕಾಲಿಗೆ ಬಿಡುವೂ ಉಂಟು. ಅಲ್ಲಿಂದ ಕೊರ್ವಾರಾದವರೆಗೆ ಇಳಿಜಾರು. ಹಿಂದಿನ ದಿನ ಇದೇ ಘಾಟಿಯಲ್ಲಿ ಬೈಕುಗಳ, ಕಾರುಗಳ ಸಾಲು ನೋಡಿದ್ದೆ. ಗೋಡೆಗಳಿಗೆ ಬಡಿದು ಎರಡಾಗುವ ಅವುಗಳ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಮುಚ್ಚಿದ ರಸ್ತೆಯಲ್ಲಿ ಹಸುವಿನ ಕೊರಳಗಂಟೆ, ಹಿಮ ಕರಗಿ ಹರಿಯುವ ನೀರು, ಚೈನಿನ ಸದ್ದು, ಮಕ್ಕಳ ಕೂಗು ಎಲ್ಲವೂ ಕೇಳಿದವು. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡ ತಾಯಂದಿರೂ, ಎಪ್ಪತ್ತು ದಾಟಿದವರೂ ಧೈರ್ಯವಾಗಿ ಹತ್ತಿದರು. ಜುಲೈ ಮೊದಲ ಭಾಗದಲ್ಲಿ ನಡೆಯುವ ಮರತೋನಾ ಎಂಬ ದೊಡ್ಡ ಸವಾರಿಗೂ ರಸ್ತೆ ಮುಚ್ಚುತ್ತಾರೆ. 1987ರಲ್ಲಿ ಶುರುವಾದ ಅದರ ಅತಿ ಉದ್ದದ ದಾರಿ 138 ಕಿ.ಮೀ. 2017ರ ಬೇಸಿಗೆಯಲ್ಲಿ ಸೆಲ್ಲಾ ಘಾಟಿಯನ್ನು ಬುಧವಾರಗಳಂದು ಹಗಲು ಮೋಟಾರಿಗೆ ಮುಚ್ಚಿಯೂ ನೋಡಿದ್ದರು.

ಹೋಗುವವರಿಗೆ ನನ್ನ ಮಾತು ಇಷ್ಟೇ. ಸಾಧ್ಯವಾದರೆ ರಸ್ತೆ ಮುಚ್ಚುವ ದಿನವನ್ನೇ ಆರಿಸಿಕೊಳ್ಳಿ. ಆಗದಿದ್ದರೆ ಬೆಳಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಗುಡುಗು-ಮಳೆಗೆ ಮುಂಚೆ ಸುತ್ತು ಮುಗಿಸಿ. ಚಿಕ್ಕ ಗೇರಿರುವ ಸೈಕಲ್ ಬಾಡಿಗೆಗೆ ಸಿಗುತ್ತದೆ. ಪಂದ್ಯ ಬೇಡ. ಕಲ್ಲು, ಯುದ್ಧ, ಭಾಷೆ ಇವೆಲ್ಲ ಕಣ್ಣಿಗೆ ಬೀಳುವುದು ಕಾಲಿನ ವೇಗದಲ್ಲಿ. ವರ್ಷಕ್ಕೆ ಬೆರಳೆಣಿಕೆಯ ದಿನ ಮಾತ್ರ ಈ ಬೆಟ್ಟ ಆ ವೇಗದವರಿಗೆ ಪೂರ್ತಿ ಸಿಗುತ್ತದೆ. ಆ ದಿನಗಳು ಹೆಚ್ಚಬೇಕು.