ಪಕ್ಕೆಲುಬಿನ ಲೆಕ್ಕ

ನಮ್ಮ ಬೈಲಹೊಂಗಲದ ಕಡೆ ಪಕ್ಕೆಲುಬು ಎಣಿಸುವ ಕೆಲಸ ಅಜ್ಜಿಯರದು. ಹಾಸ್ಟೆಲ್ಲಿನಿಂದ ಬಂದ ಮೊಮ್ಮಗ ಅಂಗಿ ಕಳಚಿದನೆಂದರೆ ಸಾಕು, "ಯಪ್ಪಾ, ಅಲ್ಲಿ ಉಣ್ತಿಯೋ ಇಲ್ಲೋ, ಎಲುಬು ಎಣಸೂಹಂಗ ಆಗ್ಯಾವಲ್ಲೋ" ಅನ್ನುತ್ತಾರೆ. ನಿಜಕ್ಕೂ ಎಣಿಸಿದ ಅಜ್ಜಿಯನ್ನು ಮಾತ್ರ ನಾನು ಕಂಡಿಲ್ಲ.

ಎಣಿಸಿದರೆ ಎಡಕ್ಕೆ 12, ಬಲಕ್ಕೆ 12. ಮೇಲಿನ 7 ಜೋಡಿ ಮೆದು ಎಲುಬಿನ ಮೂಲಕ ನೇರವಾಗಿ ಎದೆಯ ನಡುವಿನ ಚಪ್ಪಟೆ ಎಲುಬಿಗೆ ಸೇರುತ್ತವೆ. ಮುಂದಿನ 3 ತಮ್ಮ ಮೇಲಿನದರ ಆಸರೆ ಹಿಡಿಯುತ್ತವೆ. ಕೊನೆಯ 2 ಜೋಡಿ ಯಾರ ಹಂಗೂ ಇಲ್ಲದೆ ಅರ್ಧಕ್ಕೇ ನಿಂತುಬಿಡುತ್ತವೆ. ತೊಡಕಿರುವುದು ಎಲ್ಲಿಂದ ಶುರುಮಾಡಬೇಕೆಂಬಲ್ಲಿ. ಮೊದಲನೆಯದು ಕೊರಳೆಲುಬಿನ ಮರೆಯಲ್ಲಿ ಅಡಗಿರುತ್ತದೆ. ಅದಕ್ಕೇ ವೈದ್ಯರು ಗಂಟಲ ಕುಳಿಯಿಂದ ಬೆರಳನ್ನು ಮೆಲ್ಲಗೆ ಕೆಳಗೆ ಜಾರಿಸುತ್ತಾರೆ. ಎದೆಯೆಲುಬಿನ ಮೇಲೆ ಅಡ್ಡವಾಗಿ ಸಣ್ಣದೊಂದು ದಿಣ್ಣೆ ತಾಕುತ್ತದೆ. ಅದರ ಬದಿಗೆ ಬಂದು ಕೂಡಿದ್ದು ಎರಡನೆಯ ಪಕ್ಕೆಲುಬು, ಲೆಕ್ಕ ಅಲ್ಲಿಂದ. ಒಳಗೆ ಉಸಿರ್ನಾಳ ಕವಲೊಡೆಯುವುದೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ.

ಆಯುರ್ವೇದದ ಹಳೆಯ ಲೆಕ್ಕ ಬೇರೆ. ಸುಶ್ರುತ ಒಂದೊಂದು ಪಕ್ಕೆಗೆ 36ರಂತೆ ಒಟ್ಟು 72 ಎಲುಬು ಹೇಳುತ್ತಾನೆ. ಅತಿಯಾಯಿತು ಅನ್ನುವವರಿಗೆ ಚರಕ ಲೆಕ್ಕ ಬಿಡಿಸಿ ಕೊಡುತ್ತಾನೆ: 24 ಪಕ್ಕೆಲುಬು, ಅವು ಕೂಡ್ರುವ 24 ನೆಲೆ, 24 ಉಬ್ಬು. ನೋಡಿ ಕಲಿಯುವ ದಾರಿಯನ್ನೂ ಸುಶ್ರುತನೇ ಹೇಳಿದ್ದಾನೆ. ಶವಕ್ಕೆ ಹುಲ್ಲು ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಲಾವಂಚ, ಕೂದಲು, ಬಿದಿರಿನ ಕುಂಚದಿಂದ ಪದರ ಪದರವಾಗಿ ಉಜ್ಜುತ್ತ ನೋಡಬೇಕು. ಸವದತ್ತಿ, ರಾಮದುರ್ಗದ ಮಲಪ್ರಭೆಯಲ್ಲಿ ಇಂದು ಹೀಗೆ ಕಲಿಯಹೊರಟರೆ ಎರಡನೆಯ ರಾತ್ರಿಗೇ ಪೊಲೀಸರು ಬಂದಾರು.

ನೋಡಿ ಕಲಿಯಲೆಂದು ತಮ್ಮ ದೇಹವನ್ನೇ ಕೊಟ್ಟವರೂ ನಮ್ಮಲ್ಲಿದ್ದಾರೆ. ಬೈಲಹೊಂಗಲದ ಆಯುರ್ವೇದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ತಮ್ಮ ದೇಹವನ್ನು ಮಗನೇ ಛೇದಿಸಬೇಕೆಂದು ಬಯಸಿ 2008ರಲ್ಲಿ ತೀರಿಕೊಂಡರು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನಲ್ಲಿ ಶರೀರರಚನೆ ಕಲಿಸುವವರು. ಕೆಡದಂತೆ ಕಾಪಿಟ್ಟಿದ್ದ ತಂದೆಯ ದೇಹವನ್ನು 2010ರ ನವೆಂಬರಿನಲ್ಲಿ ವಿದ್ಯಾರ್ಥಿಗಳ ಎದುರು ಛೇದಿಸಿ ಪಾಠ ಮಾಡಿದರು. ಸತ್ತವರನ್ನು ಕೂಡ್ರಿಸಿ ಮಣ್ಣು ಕೊಡುವ ಪದ್ಧತಿಯೇ ಹೆಚ್ಚಾಗಿರುವ ಸೀಮೆಯಿದು. ಅಂದಿನ ಬೆರಗು ಇನ್ನೂ ಹೋಗಿಲ್ಲ.

ಅಂಥ ಛೇದನ ಸುಲಭದ್ದಲ್ಲ. ವಯಸ್ಸಾದಂತೆ ಪಕ್ಕೆಲುಬಿನ ತುದಿಯ ಮೆದು ಎಲುಬು ಸುಣ್ಣಗಟ್ಟುತ್ತದೆ. ಎಳೆಯರ ಎದೆಯಲ್ಲಿ ಚಾಕುವಿಗೆ ಬಗ್ಗುವ ಜಾಗವೇ ಮುದುಕರ ಎದೆಯಲ್ಲಿ ಗರಗಸ ಬೇಡುತ್ತದೆ. ವೈದ್ಯರಾದ ಅಪ್ಪನಿಗೆ ಇದೆಲ್ಲ ಗೊತ್ತಿರದೆ ಇದ್ದೀತೆ? ಜನ ಮಗನ ಎದೆಗಾರಿಕೆಯನ್ನೇ ಹೊಗಳಿದರು. ನನಗಂತೂ ಅಪ್ಪನದೇ ಒಂದು ಕೈ ಹೆಚ್ಚು.