ಪಟ್ಟಿ ಹರಿದ ರಾತ್ರಿ

ತಿಪಟೂರಿನಲ್ಲಿ ಗ್ರಂಧಿಗೆ ಅಂಗಡಿ ಇಟ್ಟುಕೊಂಡವರೊಬ್ಬರ ಮಗ ಅವನು. ಡಿಪ್ಲೊಮಾ ಕೊನೆಯ ವರ್ಷ. 2009ರ ಏಪ್ರಿಲ್ ತಿಂಗಳ ಒಂದು ರಾತ್ರಿ ಹತ್ತೂವರೆಯ ಹೊತ್ತಿಗೆ ಅವನ ಕಂಪ್ಯೂಟರಿನ ಪರದೆಯ ಮೇಲೆ ಉಳಿದಿದ್ದದ್ದು ‘ಲಾಗಿನ್’ ಎಂಬ ಒಂದೇ ಮಾತು. ಚಿತ್ರವಿಲ್ಲ, ಮೆನು ಇಲ್ಲ, ಮೌಸಿನ ಬಾಣವಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಪಕ್ಕದಲ್ಲಿ ಮಿಣುಕುವ ಒಂದು ಗೆರೆ. ಅರವತ್ತು ಪುಟದ ಪ್ರಾಜೆಕ್ಟ್ ವರದಿ ಅದರೊಳಗಿತ್ತು. ಒಪ್ಪಿಸಬೇಕಾದದ್ದು ನಾಡಿದ್ದು.

ಕಂಪ್ಯೂಟರು ಹೊಸದೇನಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಸ್ಸಿನಲ್ಲಿ ತಂದ ಸೆಕೆಂಡ್‌ಹ್ಯಾಂಡ್ ಮಾಲು. ಅದಕ್ಕೂ ಅಪ್ಪ ಅವಧಿಗೆ ಮುಂಚೆ, ಕಡಿಮೆ ಹಣಕ್ಕೆ ಚೀಟಿ ಎತ್ತಬೇಕಾಗಿ ಬಂದಿತ್ತು. ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶದ ಮಾತೇ ಇರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿದ್ದವರೊಬ್ಬರು ಡೆಬಿಯನ್ ಎಂಬ ಲಿನಕ್ಸಿನ ಡಿವಿಡಿ ಕೊಟ್ಟಿದ್ದರು. ಆ ವರ್ಷದ ಫೆಬ್ರುವರಿ 14ರಂದು ಬಿಡುಗಡೆಯಾದ ಐದನೆಯ ಆವೃತ್ತಿ, ಹೆಸರು ‘ಲೆನ್ನಿ’. ‘ಟಾಯ್ ಸ್ಟೋರಿ’ ಚಿತ್ರದ ಪಾತ್ರಗಳ ಹೆಸರನ್ನೇ ತಮ್ಮ ಆವೃತ್ತಿಗಳಿಗೆ ಇಡುವುದು ಡೆಬಿಯನ್‌ನವರ ರೂಢಿ.

ಅದನ್ನು ಹಾಕಿಕೊಂಡ ದಿನ ಹುಡುಗನಿಗೆ ತುಂಬ ಹಿಡಿಸಿದ ಸಂಗತಿ ಒಂದಿತ್ತು. ಮೊದಲು ಬರೀ ತಳಪಾಯ ಕೂರಿಸಿ, ಆಮೇಲೆ ‘ಗ್ನೋಮ್’ ಎಂಬ ಒಂದು ಪದ ಟೈಪು ಮಾಡಿ ಕೇಳಿದ. ನೂರಾರು ಪ್ಯಾಕೇಜುಗಳು ಸಾಲುಸಾಲಾಗಿ ಇಳಿದವು. ಕಿಟಕಿ ತೋರಿಸುವುದು, ಕಡತ ತೆರೆಯುವುದು, ಹಾಡು ಹಾಡಿಸುವುದು, ಅಂಚೆ ಓದುವುದು, ಇಸ್ಪೀಟಾಟ ಕೂಡ. ಅಪ್ಪ ಹಿಂದೆ ನಿಂತು ನೋಡುತ್ತಿದ್ದರು. ‘ಸತ್ಯನಾರಾಯಣ ಪೂಜೆ ಸಾಮಾನು ಕೊಡಿ ಅಂದ ಹಾಗಾಯ್ತಲ್ಲೋ’ ಎಂದರು. ಗಿರಾಕಿ ಅರಿಸಿನ, ಕುಂಕುಮ, ಕರ್ಪೂರ, ಗೆಜ್ಜೆವಸ್ತ್ರ ಎಂದು ಒಂದೊಂದಾಗಿ ಹೇಳುವುದಿಲ್ಲ. ಪೂಜೆಯ ಹೆಸರು ಹೇಳಿದರೆ ಸಾಕು, ಅಂಗಡಿಯವನು ತನ್ನ ಪಟ್ಟಿ ನೋಡಿ ಕಟ್ಟಿಕೊಡುತ್ತಾನೆ.

ಹೋಲಿಕೆ ಸರಿಯಾಗಿಯೇ ಇತ್ತು, ಅಪ್ಪನಿಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚು. ‘ಗ್ನೋಮ್’ ಎಂಬ ಆ ಪ್ಯಾಕೇಜಿನ ಒಳಗೆ ತಂತ್ರಾಂಶವೇ ಇಲ್ಲ. ಇಂಥಿಂಥವು ಜೊತೆಗಿರಲೇಬೇಕು ಎಂದು ಹೇಳುವ ಒಂದು ಪಟ್ಟಿ ಮಾತ್ರ. ಮೆಟಾಪ್ಯಾಕೇಜ್ ಎನ್ನುತ್ತಾರೆ, ಪಟ್ಟಿ ಎಂದರೂ ನಡೆಯುತ್ತದೆ.

ಇಂಥ ಪಟ್ಟಿ ಬೇಕಾದದ್ದೇಕೆ ಎಂದರೆ, ಲಿನಕ್ಸಿನವರು ಸಾಮಾನನ್ನು ಬಹಳ ಸಣ್ಣಸಣ್ಣದಾಗಿ ಪೊಟ್ಟಣ ಕಟ್ಟುತ್ತಾರೆ. ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ 1993ರ ಆಗಸ್ಟಿನಲ್ಲಿ ಡೆಬಿಯನ್ ಶುರು ಮಾಡಿದ. ಲೆನ್ನಿಯ ಹೊತ್ತಿಗೆ ಪ್ಯಾಕೇಜುಗಳ ಸಂಖ್ಯೆ 23 ಸಾವಿರ ದಾಟಿತ್ತು. ಒಂದೊಂದನ್ನೇ ಆರಿಸಿಕೊಳ್ಳಿ ಎಂದರೆ ಯಾರಿಂದಾದೀತು? 1993ರಲ್ಲೇ ಬಂದ ಸ್ಲ್ಯಾಕ್‌ವೇರ್‌ನಲ್ಲಿ ಗುಂಪೆಂದರೆ ಫ್ಲಾಪಿಗಳ ಕಟ್ಟು: ‘ಎ’ ಎಂದರೆ ತಳಪಾಯ, ‘ಎನ್’ ಎಂದರೆ ನೆಟ್‌ವರ್ಕ್, ‘ಎಕ್ಸ್’ ಎಂದರೆ ಕಿಟಕಿಗಳ ವ್ಯವಸ್ಥೆ. ಬೇಡದ ಕಟ್ಟಿನ ಫ್ಲಾಪಿ ಹಾಕದಿದ್ದರಾಯಿತು. ರೆಡ್ ಹ್ಯಾಟ್ ಮತ್ತು ಫೆಡೋರಾದವರು ಗುಂಪುಗಳ ವಿವರವನ್ನು ಬೇರೊಂದು ಕಡತದಲ್ಲಿ ಬರೆದಿಟ್ಟರು. ಅಲ್ಲಿ ಗುಂಪು ಎನ್ನುವುದು ಪ್ಯಾಕೇಜಲ್ಲ. ಡೆಬಿಯನ್‌ನವರು ಮಾತ್ರ ಪಟ್ಟಿಯನ್ನೂ ಒಂದು ಪೊಟ್ಟಣವಾಗಿಯೇ ಕಟ್ಟಿದರು. ಆ ರಾತ್ರಿಯ ಕಷ್ಟದ ಬೇರು ಇರುವುದು ಇಲ್ಲಿ.

ಹುಡುಗನ ಹಾರ್ಡ್ ಡಿಸ್ಕ್ ಚಿಕ್ಕದು. ವರದಿಗೆ ಚಿತ್ರಗಳನ್ನು ಸೇರಿಸುವಾಗ ಜಾಗ ಸಾಲದಾಯಿತು. ಏನು ತೆಗೆಯಬಹುದೆಂದು ಹುಡುಕಿದಾಗ ‘ಎವಲ್ಯೂಷನ್’ ಎಂಬ ಅಂಚೆಯ ತಂತ್ರಾಂಶ ಕಣ್ಣಿಗೆ ಬಿತ್ತು. ಮನೆಗೆ ಇಂಟರ್ನೆಟ್ಟೇ ಇಲ್ಲ, ಅಂಚೆ ನೋಡುವುದು ಸೈಬರ್ ಕೆಫೆಯಲ್ಲಿ. ಇದೇಕೆ? ಪ್ಯಾಕೇಜುಗಳನ್ನು ಹಾಕಿ ತೆಗೆಯುವ ‘ಆಪ್ಟಿಟ್ಯೂಡ್’ ಎಂಬ ಸಾಧನಕ್ಕೆ, ಎವಲ್ಯೂಷನ್ ತೆಗೆ ಎಂದ. ಅದು ಪರದೆ ತುಂಬ ಹೆಸರುಗಳನ್ನು ಸುರಿದು, ಕೊನೆಯಲ್ಲಿ ಇಷ್ಟು ಮೆಗಾಬೈಟ್ ಜಾಗ ಬಿಡುವಾಗುತ್ತದೆ, ಮುಂದುವರಿಯಲೇ ಎಂದು ಕೇಳಿತು. ಹುಡುಗ ಹೆಸರುಗಳನ್ನು ಓದಲಿಲ್ಲ. ಜಾಗದ ಲೆಕ್ಕ ಮಾತ್ರ ಓದಿದ. ಇಷ್ಟೊಂದು ಉಳಿಯುತ್ತದೆಯೇ ಎಂದು ಹಿಗ್ಗಿ ‘ವೈ’ ಒತ್ತಿದ. ಹೊತ್ತು ಕಳೆದಂತೆ ಮೆನುವಿನಲ್ಲಿದ್ದ ಒಂದೊಂದೇ ಕಾಣೆಯಾಗತೊಡಗಿದಾಗ ಗಾಬರಿಯಾಗಿ, ಒಮ್ಮೆ ಆರಿಸಿ ಹೊತ್ತಿಸಿದರೆ ಸರಿಹೋದೀತೆಂದು ಆರಿಸಿದ. ಮತ್ತೆ ಹೊತ್ತಿಕೊಂಡಾಗ ಕಂಡದ್ದು ಆ ಕಪ್ಪು ಪರದೆ.

ಅಪ್ಪನಿಗೆ ಹೇಳುವುದು ಹೇಗೆ? ಹೇಳದೆ ಒಂದು ಗಂಟೆ ಕೂತ. ಕಡೆಗೆ ಲೆಕ್ಕದ ಪುಸ್ತಕ ಮುಚ್ಚಿ ಮಲಗಲು ಹೊರಟ ಅಪ್ಪನೇ ಬಾಗಿಲಲ್ಲಿ ನಿಂತರು. ‘ಏನಾಯ್ತೋ?’

‘ಎಲ್ಲಾ ಹೋಯ್ತಪ್ಪ.’

ಮನೆಯೊಳಗಿನ ಯಾರೇ ಆದರೂ ಆ ಹೊತ್ತಿಗೆ ಏನನ್ನುತ್ತಿದ್ದರೋ. ಚೀಟಿಯ ನಷ್ಟ ನೆನಪಿದ್ದ ಅಪ್ಪ ರೇಗಬಹುದಿತ್ತು. ಅವರು ಕೇಳಿದ್ದು ಅಂಗಡಿಯವರ ಪ್ರಶ್ನೆ. ‘ನೀನು ಬರೆದದ್ದನ್ನ ಎಲ್ಲಿಟ್ಟಿದ್ದೆ? ಅವರು ಕೊಟ್ಟ ಸಾಮಾನಿನ ಜೊತೆಗೋ, ಬೇರೆ ಕಡೆಗೋ?’

ಬೇರೆ ಕಡೆಗೆ. ಅದು ಹುಡುಗನಿಗೆ ಆಗ ಹೊಳೆಯಿತು. ಲಿನಕ್ಸಿನಲ್ಲಿ ಬಳಸುವವರು ಬರೆದದ್ದೆಲ್ಲ ಅವರವರ ಹೆಸರಿನ ‘ಹೋಮ್’ ಎಂಬ ಕೋಣೆಯಲ್ಲಿರುತ್ತದೆ. ಪ್ಯಾಕೇಜು ಹಾಕುವುದಾಗಲಿ ತೆಗೆಯುವುದಾಗಲಿ ಅಲ್ಲಿಗೆ ಕೈ ಚಾಚುವುದಿಲ್ಲ. ಕಪ್ಪು ಪರದೆಯಲ್ಲೇ ಹೆಸರು, ಗುಪ್ತಪದ ಕೊಟ್ಟು ಒಳಗೆ ಹೋದ. ಎರಡಕ್ಷರದ ಆಜ್ಞೆ ಒತ್ತಿದ. ವರದಿಯ ಕಡತ, ಹಾಕಿಟ್ಟ ಚಿತ್ರಗಳು, ಎಲ್ಲ ಹಾಗೇ ಇದ್ದವು.

ಆಮೇಲೆ ಇಬ್ಬರೂ ಕೂತು, ಆಪ್ಟಿಟ್ಯೂಡ್ ತಾನು ಮಾಡಿದ ಕೆಲಸವನ್ನು ಬರೆದಿಡುವ ಕಡತವನ್ನು ತೆರೆದರು. ತೆಗೆದುಹಾಕಿದ ಪ್ರತಿ ಹೆಸರೂ ಅಲ್ಲಿತ್ತು. ಹುಡುಗ ಓದುತ್ತಾ ಹೋದ, ಅಪ್ಪ ಪ್ರತಿಯೊಂದಕ್ಕೂ ‘ಇದನ್ನ ನೀನು ಕೇಳಿದ್ದೇನೋ?’ ಎಂದರು. ಇಲ್ಲ. ‘ಇದನ್ನ?’ ಅದೂ ಇಲ್ಲ. ಹತ್ತು ಹೆಸರಾಗುವಷ್ಟರಲ್ಲಿ ಗುಟ್ಟು ಬಿಚ್ಚಿಕೊಂಡಿತು. ಎವಲ್ಯೂಷನ್ ಪಟ್ಟಿಯಲ್ಲಿದ್ದ ಸಾಮಾನು. ಪಟ್ಟಿಯ ನಿಯಮವೆಂದರೆ ಒಳಗಿನ ಎಲ್ಲವೂ ಇರಲೇಬೇಕು. ಒಂದನ್ನು ತೆಗೆದರೆ ಪಟ್ಟಿ ಸುಳ್ಳಾಗುತ್ತದೆ, ಆದ್ದರಿಂದ ಪಟ್ಟಿಯನ್ನೂ ತೆಗೆಯಲೇಬೇಕು. ಇಲ್ಲಿಗೆ ನಿಂತಿದ್ದರೆ ನಷ್ಟವೇನೂ ಇಲ್ಲ, ಪಟ್ಟಿ ಬರೀ ಕಾಗದ. ಆದರೆ ಆಪ್ಟಿಟ್ಯೂಡ್ ಪ್ರತಿ ಪ್ಯಾಕೇಜಿನ ಮುಂದೆ ಒಂದು ಗುರುತು ಹಾಕಿಟ್ಟಿರುತ್ತದೆ: ಇದು ಯಜಮಾನ ಹೆಸರು ಹಿಡಿದು ಕೇಳಿದ್ದು, ಇದು ಇನ್ನೊಂದರ ಬೆನ್ನಿಗೆ ತಾನಾಗಿ ಬಂದದ್ದು. ತಾನಾಗಿ ಬಂದದ್ದು ಯಾರಿಗೂ ಬೇಡವಾದ ಕ್ಷಣ ಗುಡಿಸಿ ಹಾಕುತ್ತದೆ. ಪಟ್ಟಿ ಹೋದೊಡನೆ ಪಟ್ಟಿಯಿಂದ ಬಂದವಕ್ಕೆಲ್ಲ ವಾರಸುದಾರರಿಲ್ಲ. ಗುಡಿಸಿತು.

ಎರಡು ಮಾತ್ರ ಉಳಿದಿದ್ದವು. ವರದಿ ಬರೆಯುತ್ತಿದ್ದ ಓಪನ್ ಆಫೀಸ್, ಮತ್ತೆ ಕೇದಗೆ, ಮಲ್ಲಿಗೆ ಫಾಂಟುಗಳಿದ್ದ ಕನ್ನಡ ಅಕ್ಷರಗಳ ಪ್ಯಾಕೇಜು. ಮುಖಪುಟದ ಮೇಲೆ ತನ್ನ ಹೆಸರು ಕನ್ನಡದಲ್ಲಿ ಇರಲೆಂದು ಹುಡುಗ ಅದನ್ನು ಹೆಸರು ಹಿಡಿದು ಕೇಳಿ ಹಾಕಿಕೊಂಡಿದ್ದ.

‘ಕೇಳಿ ತಗೊಂಡದ್ದು ಉಳೀತು ಅನ್ನು’ ಎಂದರು ಅಪ್ಪ. ಡಿವಿಡಿ ಎಲ್ಲಿದೆ ಎಂದರು.

ಅದು ಮನೆಯಲ್ಲಿದ್ದದ್ದು ಪುಣ್ಯ. ಡಿವಿಡಿ ಹಾಕಿ, ಮತ್ತದೇ ಒಂದು ಪದ ಟೈಪು ಮಾಡಿದ. ರಾತ್ರಿ ಒಂದೂವರೆಗೆ ಬಣ್ಣದ ಪರದೆ ವಾಪಸು ಬಂತು. ಜೊತೆಗೆ ಎವಲ್ಯೂಷನ್ ಕೂಡ ಬಂತು. ಪಟ್ಟಿಯಲ್ಲಿತ್ತಲ್ಲ! ಆ ದಿನ ಅದನ್ನು ಮುಟ್ಟುವ ಧೈರ್ಯ ಹುಡುಗನಿಗೆ ಆಗಲಿಲ್ಲ. ಬೇಡದ ನಾಲ್ಕು ಚಿತ್ರಗಳನ್ನು ವರದಿಯಿಂದಲೇ ಕಿತ್ತು ಜಾಗ ಮಾಡಿಕೊಂಡ.

ಇಂದಿನ ಡೆಬಿಯನ್ ಬಳಸುವ ಮಕ್ಕಳಿಗೆ ಈ ಅವಘಡ ಇದೇ ರೂಪದಲ್ಲಿ ಆಗುವ ಸಂಭವ ಕಡಿಮೆ. ಮೆಟಾಪ್ಯಾಕೇಜುಗಳ ವಿಭಾಗಕ್ಕೆ ಸೇರಿದ ಪಟ್ಟಿಯೊಂದು ಹೋದರೆ ಅದರಿಂದ ಬಂದವನ್ನು ಅನಾಥವೆಂದು ಎಣಿಸದಿರುವ ಏರ್ಪಾಡು ಈಗ ಅದರಲ್ಲಿದೆ. ಕನ್ನಡದ ಅಕ್ಷರಗಳಿಗೂ ಒಂದು ಪಟ್ಟಿ ಬಂದಿದೆ. ಅದೊಂದನ್ನು ಕೇಳಿದರೆ ಗುಬ್ಬಿ, ನವಿಲು, ಲೋಹಿತ್ ಮೂರೂ ಒಟ್ಟಿಗೆ ಬರುತ್ತವೆ. ಆದರೆ ತೆಗೆಯುವ ಮುನ್ನ ಪರದೆಯ ತುಂಬ ಹೆಸರು ಸುರಿಯುವುದು ಹಾಗೇ ಇದೆ, ಕೊನೆಯಲ್ಲಿ ಉಳಿಯುವ ಜಾಗದ ಲೆಕ್ಕ ತೋರಿಸಿ ಆಸೆ ಹುಟ್ಟಿಸುವುದೂ ಹಾಗೇ ಇದೆ.

ವರದಿ ಒಪ್ಪಿಸಿ, ವೈವಾ ಮುಗಿದ ಮೇಲಿನ ಭಾನುವಾರ ಅಪ್ಪ ಮಗ ಮತ್ತೆ ಕೂತರು. ಈ ಸಲ ಅಪ್ಪನ ಕೈಯಲ್ಲಿ ಅಂಗಡಿಯ ಹಳೆಯ ಬಿಲ್ ಪುಸ್ತಕದ ಹಾಳೆ, ಕಿವಿಯ ಮೇಲೆ ಪೆನ್ಸಿಲು. ಬೇಕಾದವು ಯಾವುವೆಂದು ಮಗ ಹೇಳಿದ, ಅಪ್ಪ ಬರೆದುಕೊಂಡರು. ಬರೆದ ಪ್ರತಿಯೊಂದಕ್ಕೂ ‘ಇದು ನಾನೇ ಕೇಳಿದ್ದು’ ಎಂಬ ಗುರುತು ಬೀಳುವಂತೆ ಮಗ ಆಜ್ಞೆ ಕೊಟ್ಟ. ಆಮೇಲೆ ಎವಲ್ಯೂಷನ್ ತೆಗೆ ಎಂದ. ಹೆಸರುಗಳು ಸುರಿದವು. ಇಬ್ಬರೂ ಹಾಳೆಗೆ ಹೋಲಿಸಿ ಮೊದಲಿನಿಂದ ಕೊನೆಯವರೆಗೆ ಓದಿದರು. ಒಂದು ಕಡೆ ಅಪ್ಪ ಪೆನ್ಸಿಲು ಊರಿ ನಿಲ್ಲಿಸಿದರು.

‘ಇಸ್ಪೀಟಾಟ ಹೋಗ್ತದಲ್ಲೋ.’

ಹಾಳೆಯಲ್ಲಿ ಅದನ್ನು ಬರೆದಿರಲಿಲ್ಲ. ಅಂಗಡಿ ಮುಚ್ಚಿ ಬಂದ ಮೇಲೆ ಅಪ್ಪ ದಿನಾ ಒಂದು ಆಟ ಆಡುತ್ತಿದ್ದದ್ದು ಮಗನಿಗೆ ಗೊತ್ತಾದದ್ದು ಆಗಲೇ. ‘ಎನ್’ ಒತ್ತಿ, ಅದನ್ನೂ ಸೇರಿಸಿಕೊಂಡು, ಮೊದಲಿನಿಂದ ಓದಿದರು.