ಎಲ್ಲಿಗೂ ಹೋಗದ ಬಂಡಿ

ಸಮೀರವಾಡಿಯಲ್ಲಿ ಉಗಿಗೆ ಕೊರತೆಯಿಲ್ಲ. ಉಗಿಬಂಡಿ ಮಾತ್ರ ಆ ಊರನ್ನು ಎಂದೂ ಕಂಡದ್ದಿಲ್ಲ. ಸೋಮಯ್ಯಾ ಮನೆತನದವರ ಗೋದಾವರಿ ಸಕ್ಕರೆ ಕಾರ್ಖಾನೆಯು ಅಲ್ಲಿ ಕಬ್ಬು ನುರಿಸತೊಡಗಿದಂದಿನಿಂದ ಕಬ್ಬಿನ ಸಿಪ್ಪೆಯೇ ಉರುವಲಾಗಿ, ದೊಡ್ಡ ಬಾಯ್ಲರುಗಳಲ್ಲಿ ನೀರು ಕುದಿದು, ಹಂಗಾಮಿನುದ್ದಕ್ಕೂ ಹಗಲಿರುಳು ಉಗಿ ದುಡಿಯುವದು. ಆದರೆ ಆ ಉಗಿಯು ಗಾಣವನ್ನು ತಿರುಗಿಸುವದು, ರಸವನ್ನು ಕಾಯಿಸುವದು, ವಿದ್ಯುತ್ತನ್ನು ಹುಟ್ಟಿಸುವದು. ಒಂದು ಡಬ್ಬಿಯನ್ನೂ ಎಳೆಯುವದಿಲ್ಲ. ಕಬ್ಬು ಬರುವದು ಟ್ರ್ಯಾಕ್ಟರಿನ ಹಿಂದೆ, ಇಲ್ಲವೆ ಎತ್ತಿನ ಬಂಡಿಯಲ್ಲಿ. ರೇಲ್ವೆ ಬೇಕಾದವರು ಒಂದು ಕಡೆಗೆ ಕುಡಚಿಗೆ ಹೋಗಬೇಕು, ಇಲ್ಲವೆ ಇನ್ನೊಂದು ಕಡೆಗೆ ಬಾಗಲಕೋಟೆಗೆ.

ಈ ಎರಡು ಊರುಗಳನ್ನು ಹಳಿಯಿಂದ ಜೋಡಿಸುವ ಮಾತು ಹಳೆಯದು. 142 ಕಿಲೋಮೀಟರಿನ ಆ ದಾರಿಗೆ 2010ರ ಸುಮಾರಿಗೆ ಒಪ್ಪಿಗೆ ದೊರೆಯಿತು. ಬಾಗಲಕೋಟೆಯಿಂದ ಹೊರಟ ಹಳಿಯು ಖಜ್ಜಿಡೋಣಿಯನ್ನು ಮುಟ್ಟಿದಾಗ ಜನರು ಹಿಗ್ಗಿದರು. ಆದರೆ ಅದಕ್ಕೆ ಹದಿನೈದು ವರುಷಗಳಲ್ಲಿ ಕುಡಚಿಯನ್ನು ಮುಟ್ಟಲಾಗಲಿಲ್ಲ. ಮದುವೆಯ ಮಾತು ನಡೆದಾಗ ಹುಟ್ಟಿದ ಕೂಸು ಅಕ್ಷತೆಯ ಹೊತ್ತಿಗೆ ಪರೀಕ್ಷೆಗೆ ಕುಳಿತಂತಾಯಿತು ಎಂದು ಆ ಕಡೆಯ ಹಿರಿಯರು ನಗುವರು.

ಹೀಗೆ ನಗುವವರಲ್ಲಿ ಒಬ್ಬರ ಮನೆಯೊಳಗೆ ಮಾತ್ರ ರೇಲ್ವೆ ಬಂದುಬಿಟ್ಟಿದೆ. ಅವರು ಕಾರ್ಖಾನೆಯ ಬಾಯ್ಲರಿನ ಮುಂದೆ ಆಯುಷ್ಯ ಕಳೆದು ನಿವೃತ್ತರಾದವರು. ಈಗ ಎಪ್ಪತ್ತು ದಾಟಿದೆ. ಪಡಸಾಲೆಯ ಬದಿಯ ಕೋಣೆಯಲ್ಲಿ, ಒಂದು ಕಾಲಕ್ಕೆ ಜೋಳದ ಚೀಲಗಳಿದ್ದ ಸ್ಥಳದಲ್ಲಿ, ಐದು ಅಡಿ ಉದ್ದದ ಒಂದು ಹಲಗೆಯನ್ನು ಗೋಡೆಗೆ ಹೊಂದಿಸಿದ್ದಾರೆ. ಅದರ ಮೇಲೆ ಒಂದು ಹಳಿ ಹೊರಟು, ಎರಡು ಪಾಯಿಂಟುಗಳಲ್ಲಿ ಕವಲೊಡೆದು, ಮೂರು ಮೊಂಡು ಹಳಿಗಳಾಗಿ ಮುಗಿಯುವದು. ಹಳಿಗಳ ನಡುವಿನ ಅಂತರ ಹದಿನಾರೂವರೆ ಮಿಲ್ಲಿಮೀಟರು. ಸ್ಟೇಶನ್ನಿಲ್ಲ, ಸೇತುವೆಯಿಲ್ಲ, ಸುರಂಗವಿಲ್ಲ. ನೋಡಬಂದವರು, "ಮೇಲ್ ಗಾಡಿ ಎಲ್ಲಿ?" ಎಂದು ಕೇಳುವರು. ಮೇಲ್ ಗಾಡಿಯೂ ಇಲ್ಲ. ಅಲ್ಲಿರುವದು ಯಾರ್ಡು ಮಾತ್ರ. ಯಾರ್ಡಿನಲ್ಲಿ ಎರಡು ಪುಟ್ಟ ಶಂಟಿಂಗ್ ಎಂಜಿನುಗಳು, ಎಂಟು ಡಬ್ಬಿಗಳು.

ಎಂಜಿನುಗಳಲ್ಲಿ ಒಂದು ನಾಲ್ಕೇ ಗಾಲಿಗಳದು, ನೀರಿನ ಟಾಕಿಯನ್ನು ಮೈಗೇ ಕಟ್ಟಿಕೊಂಡದ್ದು. ಇನ್ನೊಂದು ಆರು ಗಾಲಿಗಳದು. ಇದು ಹೊರದೇಶದಲ್ಲಿರುವ ಮಗನು ಕಳಿಸಿದ ಅಮೇರಿಕದ ಪ್ರತಿಕೃತಿ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಅಲ್ಲಿಯ ಸರಕಾರವು ರೇಲ್ವೆಗಳನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಾಗ ಗೊತ್ತುಪಡಿಸಿದ ಮಾದರಿಗಳಲ್ಲಿ ಅದೂ ಒಂದು. ಅಂಥ 255 ಎಂಜಿನುಗಳು ಆಗ ತಯಾರಾದವು. ಅದರ ಟೆಂಡರಿನ ಹಿಂಬದಿಯು ಇಳಿಜಾರಾಗಿರುವದು. ಯಾರ್ಡಿನಲ್ಲಿ ಮುಂದೆ ಹೋದಷ್ಟೇ ಹಿಂದೆಯೂ ಹೋಗಬೇಕಾದ್ದರಿಂದ ಡ್ರಾಯವರನಿಗೆ ಹಿಂದಿನ ಹಳಿ ಕಾಣಲೆಂದು ಹಾಗೆ ಮಾಡಿದರು. ಡಬ್ಬಿಗಳು ಇಂಗ್ಲಂಡಿನ ಅಳತೆಯವು, ತುಸು ದೊಡ್ಡವು. ಎಂಜಿನಿನ ಕೊಂಡಿಗೂ ಡಬ್ಬಿಯ ಕೊಂಡಿಗೂ ಗೋತ್ರವೇ ಕೂಡಲಿಲ್ಲ. ಹಿರಿಯರು ಭೂತಗನ್ನಡಿ ಹಿಡಿದು ಕುಳಿತು ಎಂಟು ಡಬ್ಬಿಗಳ ಹದಿನಾರು ಕೊಂಡಿಗಳನ್ನೂ ಬದಲಿಸಿದರು. ಅದಕ್ಕೆ ಒಂದು ಮಳೆಗಾಲವೆಲ್ಲ ಹಿಡಿಯಿತು.

ಇಷ್ಟು ಚಿಕ್ಕ ಹಲಗೆಯ ಮೇಲೆ ಮಾಡುವದೇನು ಎಂದು ಸಂಶಯ ಬರುವದು ಸಹಜ. ಇಂಗ್ಲಂಡಿನ ಆಲನ್ ರೈಟ್ ಎಂಬವರು ಹೂಡಿದ ಆಟವೊಂದು ಈ ಹವ್ಯಾಸದವರಲ್ಲಿ ಹೆಸರಾಗಿದೆ. ಒಂದು ಹಳಿಯಲ್ಲಿ ಐದು ಡಬ್ಬಿ ಹಿಡಿಯಬೇಕು, ಉಳಿದೆರಡರಲ್ಲಿ ಮೂರು ಮೂರು; ಎಂಜಿನು ನಿಲ್ಲುವ ತುದಿಯಲ್ಲಿ ಎಂಜಿನು ಮತ್ತು ಮೂರು ಡಬ್ಬಿಗಳಿಗಿಂತ ಹೆಚ್ಚು ಸ್ಥಳವಿರಕೂಡದು. ಎಂಟು ಡಬ್ಬಿಗಳ ಎಂಟು ಚೀಟಿಗಳನ್ನು ಒಂದು ಬಟ್ಟಲಲ್ಲಿ ಹಾಕಿ, ಐದನ್ನು ಎತ್ತಿ, ಬಂದ ಅನುಕ್ರಮದಲ್ಲಿಯೇ ಆ ಐದು ಡಬ್ಬಿಗಳನ್ನು ಉದ್ದನೆಯ ಹಳಿಯಲ್ಲಿ ನಿಲ್ಲಿಸಬೇಕು. ಹೀಗೆ ಬರಬಹುದಾದ ಅನುಕ್ರಮಗಳು 6,720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರುಷಗಳಿಗೆ ಸಾಲುವವು. ಅಮೇರಿಕದ ಜಾನ್ ಆಲನ್ ಎಂಬವರು ಕೂಡ ಇಂಥದೊಂದು ಯಾರ್ಡಿನ ಒಗಟನ್ನು ರಚಿಸಿದ್ದರು. ಅವರ ಯಾರ್ಡಿನಲ್ಲಿ ಡಬ್ಬಿ ದೂಡುವ ಒಂದು ಎಂಜಿನು ಎಂಜಿನೇ ಆಗಿರಲಿಲ್ಲ. ಸ್ಟೆಗೊಸಾರಸ್ ಎಂಬ ಪುರಾತನ ಪ್ರಾಣಿಯ ಗೊಂಬೆ, ಹೆಸರು ಎಮ್ಮಾ. ಇದನ್ನು ಓದಿದ ದಿನ ಹಿರಿಯರು ಹೆಂಡತಿಯನ್ನು ಕರೆದು ಚಿತ್ರ ತೋರಿಸಿದರು. "ನಮ್ಮ ಎಮ್ಮೀನೂ ಕಟ್ಟರಿ ಹಂಗಾರ," ಎಂದು ಆಕೆ ಒಳಗೆ ನಡೆದಳು.

ಒಮ್ಮೆ ಪುಣೆಗೆ ಹೋದಾಗ ಅವರು ಕೋಥ್ರೂಡದಲ್ಲಿಯ ಜೋಶಿಯವರ ಪುಟ್ಟ ರೇಲ್ವೆಗಳ ಸಂಗ್ರಹಾಲಯವನ್ನು ನೋಡಿಬಂದರು. 1998ರ ಎಪ್ರಿಲ್ 1ರಂದು ತೆರೆದ ಆ ಮನೆಯಲ್ಲಿ ಒಂದು ಇಡೀ ನಗರವೇ ಇದೆ; ಒಂದರ ಮೇಲೊಂದು ಬಂಡಿಗಳು ಓಡುವವು. ಮಕ್ಕಳೆಲ್ಲ ವೇಗದ ಗಾಡಿಗಳ ಬೆನ್ನುಹತ್ತಿದ್ದರು. ಹಿರಿಯರು ಒಂದು ಮೂಲೆಯಲ್ಲಿ ಕದಲದೆ ನಿಂತಿದ್ದ ಡಬ್ಬಿಗಳನ್ನೇ ನೋಡುತ್ತಿದ್ದರಂತೆ.

ಪುಟ್ಟ ಎಂಜಿನನ್ನು ಓಡಿಸುವದು ಸುಲಭ, ನಿಧಾನವಾಗಿ ನಡೆಸುವದು ಕಠಿಣ. ನಿಜವಾದ ಯಾರ್ಡಿನಲ್ಲಿ ಡಬ್ಬಿಗಳನ್ನು ಕೂಡಿಸುವಾಗ ಎಂಜಿನು ಮನುಷ್ಯನ ನಡಿಗೆಯಲ್ಲಿ ಬರುವದು. ತಾಸಿಗೆ ಐದು ಕಿಲೋಮೀಟರೆಂದು ಹಿಡಿದರೆ, ಎಂಬತ್ತೇಳರಲ್ಲಿ ಒಂದು ಪಾಲಿನ ಪ್ರತಿಕೃತಿಯು ಒಂದು ಮೀಟರು ದಾಟಲು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಅಂಗಡಿಯಿಂದ ಬಂದ ಎಂಜಿನಿಗೆ ಈ ಸಂಯಮ ಎಲ್ಲಿಯದು? ನಿಂತರೆ ನಿಲ್ಲುವದು, ಹೊರಟರೆ ಮೊಲದಂತೆ ಹಾರುವದು. ಅದು ಹಳಿಯಿಂದಲೇ ವಿದ್ಯುತ್ತನ್ನು ಪಡೆಯಬೇಕು. ಎರಡು ಹಳಿಗಳಲ್ಲಿ ಒಂದರಿಂದ ಬಂದು ಇನ್ನೊಂದರಿಂದ ಮರಳಬೇಕು. ನಡುವೆ ಇರುವ ಬಂಧವೆಂದರೆ ಗಾಲಿಯ ಅಂಚು ಹಳಿಗೆ ತಗಲುವ ಸಾಸಿವೆಯಷ್ಟು ಸ್ಥಳ. ದೊಡ್ಡ ಎಂಜಿನಿಗೆ ಗಾಲಿಗಳು ಬಹಳ. ಒಂದು ತಪ್ಪಿದರೆ ಇನ್ನೊಂದುಂಟು. ನಾಲ್ಕೇ ಗಾಲಿಯ ಬಡವನಿಗೆ ಆ ಅನುಕೂಲವಿಲ್ಲ. ಅದರ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಿಜದಲ್ಲಿ ಆರು ಅಡಿ ಅಂತರವಿದ್ದರೆ ಪ್ರತಿಕೃತಿಯಲ್ಲಿ 21 ಮಿಲ್ಲಿಮೀಟರು. ಪಾಯಿಂಟಿನಲ್ಲಿ ಹಳಿಗಳು ಒಂದನ್ನೊಂದು ದಾಟುವ ಕ್ರಾಸಿಂಗಿನ ತುಂಡನ್ನು ಎಷ್ಟೋ ಕಡೆ ಪ್ಲ್ಯಾಸ್ಟಿಕ್ಕಿನಿಂದ ಮಾಡಿರುವರು. ಆ ತುಂಡು ಇಪ್ಪತ್ತೊಂದು ಮಿಲ್ಲಿಮೀಟರಿಗಿಂತ ಉದ್ದವಾಗಿದ್ದರೆ ಆಯಿತು. ಆ ಬದಿಯ ಎರಡೂ ಗಾಲಿಗಳು ಒಮ್ಮೆಲೆ ಜೀವವಿಲ್ಲದ ನೆಲದ ಮೇಲೆ ಬಂದು, ಎಂಜಿನು ನಟ್ಟನಡುವೆ ನಿಂತುಬಿಡುವದು.

ಅದನ್ನು ಬೆರಳಿನಿಂದ ದೂಡಿ ದಾಟಿಸಬಹುದು. ಅನೇಕರು ಹಾಗೆಯೇ ಮಾಡುವರು. ಹಿರಿಯರಿಗೆ ಮಾತ್ರ ಬೆರಳು ಹಚ್ಚುವದೆಂದರೆ ಇಸ್ಪೀಟಿನಲ್ಲಿ ಎಲೆ ಕದ್ದಂತೆ. ಅವರು ಆ ಎರಡೂ ಪಾಯಿಂಟುಗಳನ್ನು ಕಿತ್ತು, ಲೋಹದ ಕ್ರಾಸಿಂಗುಳ್ಳವನ್ನು ತರಿಸಿ, ಪಾಯಿಂಟು ಯಾವ ಕಡೆಗೆ ಹೊರಳುವದೋ ಆ ಕಡೆಯ ಹಳಿಯ ವಿದ್ಯುತ್ತು ಕ್ರಾಸಿಂಗಿಗೂ ಹೊರಳುವಂತೆ ಹಲಗೆಯ ಕೆಳಗೆ ಒಂದೊಂದು ಸ್ವಿಚ್ಚನ್ನು ಕೂಡಿಸಿದರು. ಎಂಜಿನಿನ ಹೊಟ್ಟೆಯಲ್ಲಿ ಖಾಲಿಯಿದ್ದ ಮೂಲೆಗಳಲ್ಲೆಲ್ಲ ಸೀಸದ ಚೂರುಗಳನ್ನು ತುಂಬಿದರು. ಭಾರವಿದ್ದಷ್ಟು ಗಾಲಿಯು ಹಳಿಯನ್ನು ಗಟ್ಟಿಯಾಗಿ ಹಿಡಿಯುವದು. ಇಷ್ಟಾದರೂ ಒಂದು ಶತ್ರು ಉಳಿಯಿತು. ಸಕ್ಕರೆ ಕಾರ್ಖಾನೆಯ ಊರುಗಳಲ್ಲಿ ಬಾಳಿದವರಿಗೆ ಅದು ಗೊತ್ತು. ಹಂಗಾಮು ಹತ್ತಿತೆಂದರೆ ಗಾಳಿಗೆ ಸಿಪ್ಪೆಯ ಕರಿ ಬೂದಿಯು ಹಾರಿಬಂದು ಮಾಳಿಗೆಯ ಮೇಲೆ, ಒಣಹಾಕಿದ ಧೋತರದ ಮೇಲೆ, ಹಪ್ಪಳದ ಮೇಲೆ ಕೂಡುವದು. ಹಳಿಯೇನು ಅದಕ್ಕೆ ಹೊರತೆ? ಬೂದಿಯ ಒಂದು ಕಣವು ಗಾಲಿಯ ಕೆಳಗೆ ಬಂದರೆ ಸಾಕು, ಎಂಜಿನಿಗೆ ಮೂರ್ಛೆ. ಆದ್ದರಿಂದ ದಿನಾಲು ಆಟಕ್ಕೆ ಮೊದಲು ಸ್ಪಿರಿಟಿನಲ್ಲಿ ಅದ್ದಿದ ಅರಿವೆಯಿಂದ ಹಳಿಯನ್ನು ಒರಸುವದು ಸಂಧ್ಯಾವಂದನೆಯಂತೆ ನಿಯಮವಾಗಿದೆ. ಮೂವತ್ತು ವರುಷ ಆ ಬೂದಿಯನ್ನು ಹುಟ್ಟಿಸಿದ ಬೆಂಕಿಯನ್ನು ಕಾಯ್ದವರು, ಈಗ ಅದನ್ನೇ ಒರಸುತ್ತ ಕೂಡುವರು.

ಅವರ ತಂದೆ ಶಂಟರ್ ಆಗಿದ್ದರು. ಮೀಟರ್ ಗೇಜಿನ ಕಾಲ. ಒಂದು ಜಂಕ್ಷನ್ನಿನ ಯಾರ್ಡು. ಮುಖ್ಯ ದಾರಿಯಲ್ಲಿ ಓಡಿ ಸವೆದ ಹಳೆಯ ಎಂಜಿನುಗಳನ್ನು ಕೊನೆಗಾಲಕ್ಕೆ ಯಾರ್ಡಿಗೆ ಹಚ್ಚುವದು ಆಗಿನ ರೂಢಿ. ಅಂಥದೊಂದರ ಮೇಲೆ ಆ ಮನುಷ್ಯನು ವರುಷಗಟ್ಟಲೆ ಅರ್ಧ ಮೈಲಿನೊಳಗೆ ಹಿಂದೆ ಮುಂದೆ ನಡೆದನು. ಮುಂದಿನ ಪರೀಕ್ಷೆಗೆ ಬೇಕಾದ ಇಂಗ್ಲೀಷು ಬಾರದ್ದರಿಂದ ಮೇಲ್ ಗಾಡಿಯ ಡ್ರಾಯವರನಾಗಲಿಲ್ಲ. ಶಾಲೆಯಲ್ಲಿ ಹುಡುಗರು, "ನಿಮ್ಮಪ್ಪ ಊರ ಬಿಟ್ಟು ಹೋಗೂದ ಇಲ್ಲ, ಬರೇ ಡಬ್ಬಿ ದೂಡತಾನ," ಎಂದು ಅಣಕಿಸಿದರು. ಹುಡುಗನು, ತನ್ನ ತಂದೆ ಸೊಲ್ಲಾಪುರದ ಮೇಲ್ ಗಾಡಿ ಓಡಿಸುವನೆಂದು ಸುಳ್ಳು ಹೇಳಿದನು. ಆ ಮಾತು ಹೇಗೋ ಯಾರ್ಡನ್ನು ಮುಟ್ಟಿತು. ತಂದೆ ಬೈಯಲಿಲ್ಲ. ಒಂದು ಸಂಜೆ ಮಗನನ್ನು ಎಂಜಿನಿನ ಮೇಲೆ ಹತ್ತಿಸಿಕೊಂಡು, ತುಂಬಿದ ಚಹದ ಗ್ಲಾಸನ್ನು ಹತ್ಯಾರದ ಪೆಟ್ಟಿಗೆಯ ಮೇಲಿಟ್ಟು, ನಿಂತ ಡಬ್ಬಿಗಳ ಸಾಲಿಗೆ ಎಂಜಿನನ್ನು ಕೂಡಿಸಿದನು. ಕೊಂಡಿ ಬಿದ್ದ ಸಪ್ಪಳವಾಯಿತು, ಚಹ ತುಳುಕಲಿಲ್ಲ. ಆ ಮೇಲೆ ಅದನ್ನೇ ಮಗನಿಗೆ ಕುಡಿಯಲು ಕೊಟ್ಟನು. ಆ ವಿಷಯವಾಗಿ ತಂದೆ ಮಗ ಮುಂದೆಂದೂ ಮಾತಾಡಲಿಲ್ಲ. ಚಿತ್ತರಂಜನದ ಕಾರ್ಖಾನೆಯು ತನ್ನ ಕೊನೆಯ ಉಗಿ ಎಂಜಿನನ್ನು 1972ರಲ್ಲಿ ಹೊರಹಾಕಿತು; ತಂದೆ ಅದಕ್ಕೂ ಮೊದಲೇ ತೀರಿಹೋಗಿದ್ದನು. ಮಗನು ಹೇಳಿದ ಸುಳ್ಳು ಮಾತ್ರ ಬದುಕಿ ಉಳಿಯಿತು. ನೌಕರಿಯ ಅರ್ಜಿಯಲ್ಲಿ ಬರೆಯುವ ಪ್ರಸಂಗ ಬರಲಿಲ್ಲವಾದರೂ, ಹೆಣ್ಣು ಕೇಳುವಾಗ ಬೀಗರು ಕೇಳಿದರು; ಮೇಲ್ ಡ್ರಾಯವರನ ಮಗನೆಂದೇ ಮದುವೆ ನಡೆಯಿತು.

ಕಳೆದ ದೀಪಾವಳಿಯ ಸೂಟಿಯಲ್ಲಿ ಮೊಮ್ಮಗನು ಬಂದಿದ್ದನು. ಹತ್ತು ವರುಷದ ಹುಡುಗ. ಮೊದಲನೆಯ ದಿನವೇ ಆರು ಗಾಲಿಯ ಎಂಜಿನು ಕುಂಟತೊಡಗಿತು. ಹಿರಿಯರು ಅದನ್ನು ಬೋರಲು ಮಲಗಿಸಿ ನೋಡಿದರು. ಒಂದು ಗಾಲಿಯು ಅಚ್ಚಿನ ಮೇಲೆ ತುಸು ಜಾರಿತ್ತು. ಉಗಿ ಎಂಜಿನಿನಲ್ಲಿ ಬಲಬದಿಯ ಕ್ರ್ಯಾಂಕಿಗೂ ಎಡಬದಿಯ ಕ್ರ್ಯಾಂಕಿಗೂ ಕಾಲು ಸುತ್ತಿನ ಅಂತರವಿಟ್ಟಿರುವರು. ಒಂದು ಬದಿಯ ದಂಡವು ಸಿಲಿಂಡರಿನ ನೇರಕ್ಕೆ ಬಂದಾಗ ಅದಕ್ಕೆ ತಿರುಗಿಸುವ ಬಲವಿರುವದಿಲ್ಲ. ಆ ಕ್ಷಣಕ್ಕೆ ಇನ್ನೊಂದು ಬದಿಯದು ಪೂರ್ಣ ಬಲದಲ್ಲಿರುವದು. ಪ್ರತಿಕೃತಿಯಲ್ಲಿ ಎಳೆಯುವದು ಮೋಟಾರು. ಆದರೂ ಮೂರೂ ಅಚ್ಚುಗಳಲ್ಲಿ ಆ ಅಂತರವು ಒಂದೇ ಸಮನಾಗಿರದಿದ್ದರೆ ದಂಡಗಳು ಬಿಗಿದು ನಡಿಗೆ ಕುಂಟುವದು.

"ಒಂದ ಕೈ ಸತ್ತಾಗ ಇನ್ನೊಂದ ಕೈ ಎಳೀಬೇಕು," ಎಂದು ಹಿರಿಯರು ಗಾಲಿಯನ್ನು ತಿರುವುತ್ತ ಹೇಳಿದರು. "ನಮ್ಮಪ್ಪ ಹೇಳತಿದ್ದ."

"ನಿಮ್ಮಪ್ಪ ಯಾವ ಗಾಡಿ ಓಡಸ್ತಿದ್ದಾ ಅಜ್ಜಾ? ಮೇಲ್ ಗಾಡಿ ಅಲ್ಲಾ?"

ಚಿಮಟಿಗೆಯು ಕೈಯಲ್ಲಿ ನಿಂತಿತು. "ಅಲ್ಲಪ್ಪಾ. ಶಂಟಿಂಗ್ ಎಂಜಿನ್. ಇಂಥಾದ್ದ."

ಹುಡುಗನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಹಂಗಾರ ನಿನಗ ಆಂವನ ಕಲಿಸ್ಯಾನ," ಎಂದು ಬಟ್ಟಲಿನ ಚೀಟಿಗಳನ್ನು ಕುಲುಕತೊಡಗಿದನು. ಅಡಿಗೆಮನೆಯ ಬಾಗಿಲಲ್ಲಿ ಚಹದ ಬಟ್ಟಲುಗಳನ್ನು ಹಿಡಿದು ನಿಂತ ಮನೆಯವಳು ಎಲ್ಲವನ್ನೂ ಕೇಳಿದ್ದಳು.

"ಹೆಣ್ಣ ನೋಡಾಕ ಬಂದಾಗ ಮೇಲ್ ಗಾಡಿ ಅಂತ ಹೇಳಿದ್ದಿರೆಲ್ರೀ?"

ಹಿರಿಯರು ತಲೆಯೆತ್ತಲಿಲ್ಲ. ಆಕೆ ತುಸು ಹೊತ್ತು ನೋಡಿ, "ಚಾ ಆರತೈತಿ, ತಗೋರಿ," ಎಂದು ಬಟ್ಟಲನ್ನು ಹಲಗೆಯ ಮೇಲೆ, ಮೂರನೆಯ ಹಳಿಯ ಮಗ್ಗುಲಿಗೆ ಇಟ್ಟಳು. ಎಂದೂ ಅಲ್ಲಿ ಏನನ್ನೂ ಇಡಗೊಡದವರು ಆ ದಿನ ಸುಮ್ಮನಿದ್ದರು.

ಗಾಲಿ ಸರಿಹೋಗಲು ಮರುದಿನ ಮಧ್ಯಾಹ್ನವಾಯಿತು. ಹುಡುಗನು ಆ ಸೂಟಿಯಲ್ಲಿ ಹದಿನೇಳು ಚೀಟಿಯಾಟಗಳನ್ನು ಬಿಡಿಸಿದನು. ಮೊದಮೊದಲು ಅವನ ಕೈಯಲ್ಲಿ ಎಂಜಿನು ಡಬ್ಬಿಗಳಿಗೆ ಬಡಿದು, ನಿಂತ ಸಾಲೆಲ್ಲ ಹಿಂದೆ ಸರಿಯುತ್ತಿತ್ತು. ಕೊನೆಗೆ ಒಂದು ದಿನ, ಚಹದ ಬಟ್ಟಲಿನ ಆಟವನ್ನು ಅಜ್ಜನಿಂದ ಕೇಳಿದ ತರುವಾಯ, ಒಂದು ತೆರೆದ ಡಬ್ಬಿಯಲ್ಲಿ ಔಷಧದ ಬಾಟಲಿಯ ಬಿರಡೆಯನ್ನಿಟ್ಟು, ಅದರ ತುಂಬ ನೀರು ಹಾಕಿ, ಉಸಿರು ಬಿಗಿಹಿಡಿದು ಎಂಜಿನನ್ನು ತಂದನು. ಎರಡು ಹನಿ ಚೆಲ್ಲಿದವು. ಅಜ್ಜನು ಹಳಿಯನ್ನು ಒರಸಿದನು. ಹುಡುಗನು ಮತ್ತೆ ತುಂಬಿದನು.

ಊರಿಗೆ ಹೊರಡುವ ಹಿಂದಿನ ರಾತ್ರಿ ಅವನಿಗೊಂದು ದೊಡ್ಡ ಯೋಚನೆ ಬಂದಿತು. ಬಾಗಲಕೋಟೆಯಿಂದ ಕುಡಚಿಯವರೆಗಿನ ದಾರಿಯನ್ನೇ ಈ ಅಳತೆಯಲ್ಲಿ ಹಾಕಿಬಿಟ್ಟರೆ? ವಹಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದನು: 142 ಕಿಲೋಮೀಟರನ್ನು ಎಂಬತ್ತೇಳರಿಂದ ಭಾಗಿಸಿದರೆ 1,632 ಮೀಟರು. ಐದಡಿಯ ಹಲಗೆಗಳು 1,071 ಬೇಕು.

"ಒಂದ ಐತಿ. ಇನ್ನ ಸಾವಿರದೆಪ್ಪತ್ತ," ಎಂದನು ಹುಡುಗ.

ಹಿರಿಯರು ಸ್ಪಿರಿಟಿನ ಸೀಸೆಯನ್ನೂ ಅರಿವೆಯನ್ನೂ ಅವನ ಕಡೆಗೆ ಸರಿಸಿದರು. "ಮೊದಲ ಇದೊಂದು ಒರಸು. ಇವತ್ತ ಗಾಳಿ ಕಾರ್ಖಾನಿ ಕಡಿಂದ ಐತಿ."